ಕೆಂಪು ಲಕೋಟೆಯ ಬೆಲೆ ಏರಿದಾಗ

ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿ ಮನೆಯಲ್ಲೇ ಸಿನಿಮಾ ನೋಡುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಮುಂದಿನ ತಿಂಗಳಿನಿಂದ ನಿಮ್ಮ ಚಂದಾ ದರ ಬದಲಾಗಲಿದೆ ಎಂಬ ಸಂದೇಶಕ್ಕೂ ಒಗ್ಗಿದ್ದೇವೆ. ಬದಲಾವಣೆ ಎಂದರೆ ಏರಿಕೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಎರಡು ದಿನ ಗೊಣಗಾಟ ನಡೆಯುತ್ತದೆ. "ತೆಗೆದುಹಾಕೋಣ" ಎಂದು ಒಬ್ಬರು, "ನೋಡ್ತಿರೋದು ಮುಗೀಲಿ, ಆಮೇಲೆ ನೋಡೋಣ" ಎಂದು ಇನ್ನೊಬ್ಬರು. ಅಷ್ಟರಲ್ಲಿ ಖಾತೆಯಿಂದ ಹಣ ತಾನಾಗಿ ಕಡಿತವಾಗಿರುತ್ತದೆ.

ಈ ಗೊಣಗಾಟವನ್ನು ಒಮ್ಮೆ ಪಾಠದಂತೆ ಕೂತು ಓದಿಕೊಳ್ಳುವುದು ಒಳ್ಳೆಯದು. ದರ ಏರುವುದು ಯಾಕೆ? ಏರಿದಾಗ ಕೆಲವೊಮ್ಮೆ ಸಣ್ಣ ಬೇಸರ ಬಂದು ಹೋದರೆ, ಕೆಲವೊಮ್ಮೆ ದೊಡ್ಡ ಕಂಪನಿಯೇ ನಡುಗುವಷ್ಟು ಸಿಟ್ಟು ಏಳುವುದು ಯಾಕೆ? ಸಿಟ್ಟಾದ ಗ್ರಾಹಕನಿಗೆ ಕೊನೆಗೆ ಸಿಗುವುದೇನು? ಇವಕ್ಕೆಲ್ಲ ಉತ್ತರ ಹುಡುಕಲು ಒಂದೇ ಒಂದು ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ಅದು 2011ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಚಂದಾದಾರರಿಗೂ ಕಂಪನಿಗೂ ನಡೆದ ಜಟಾಪಟಿ. ವ್ಯಾಪಾರ ಕಲಿಸುವವರು ಇಂದಿಗೂ ಉದಾಹರಣೆಗೆ ಎತ್ತಿಕೊಳ್ಳುವ ಪ್ರಕರಣ ಇದು. ಈ ವಿಷಯ ನಿಮಗೆ ಪೂರ್ತಿ ಹೊಸದೆಂದು ಭಾವಿಸಿ ಮೊದಲಿನಿಂದ ಹೇಳುತ್ತೇನೆ.

ಅಂಚೆಯಲ್ಲಿ ಬರುತ್ತಿದ್ದ ಸಿನಿಮಾ

ನೆಟ್‌ಫ್ಲಿಕ್ಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊಬೈಲಿನಲ್ಲೋ ಟಿವಿಯಲ್ಲೋ ತೆರೆದುಕೊಳ್ಳುವ ಒಂದು ಆ್ಯಪ್. ಆದರೆ ಅದು ಹುಟ್ಟಿದ್ದು ಅಂಚೆಯನ್ನು ನಂಬಿಕೊಂಡು. 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಕಾಟ್ಸ್ ವ್ಯಾಲಿ ಎಂಬ ಸಣ್ಣ ಊರಿನಲ್ಲಿ ರೀಡ್ ಹೇಸ್ಟಿಂಗ್ಸ್ ಮತ್ತು ಮಾರ್ಕ್ ರಾಂಡಾಲ್ಫ್ ಅದನ್ನು ಕಟ್ಟಿದರು. ಡಿವಿಡಿ ಅಮೆರಿಕದ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಹಳೆಯ ವಿಡಿಯೋ ಕ್ಯಾಸೆಟ್ಟು ದಪ್ಪ, ಭಾರ. ಅಂಚೆಯಲ್ಲಿ ಕಳಿಸಿದರೆ ಗಿಟ್ಟುತ್ತಿರಲಿಲ್ಲ. ಡಿವಿಡಿ ಹಾಗಲ್ಲ, ತೆಳ್ಳಗೆ, ಹಗುರ. ಒಂದು ಲಕೋಟೆಯೊಳಗೆ ಹಾಕಿ ಅಂಚೆಚೀಟಿ ಹಚ್ಚಿದರೆ ಆಯಿತು.

1998ರ ಏಪ್ರಿಲ್‌ನಲ್ಲಿ ವ್ಯವಹಾರ ಶುರುವಾದಾಗ ಒಂದೊಂದು ಡಿವಿಡಿಗೆ ಒಂದೊಂದು ಬಾಡಿಗೆ ಇತ್ತು. 1999ರ ಸೆಪ್ಟೆಂಬರ್‌ನಲ್ಲಿ ತಿಂಗಳ ಚಂದಾ ಬಂತು. ಮುಂದೆ ಅದು ಬೆಳೆದು ನಿಂತ ಬಗೆ ಹೀಗೆ: ನೀವು ನೋಡಬೇಕೆಂದಿರುವ ಸಿನಿಮಾಗಳ ಪಟ್ಟಿಯನ್ನು ಕಂಪನಿಯ ತಾಣದಲ್ಲಿ ಮಾಡಿಡುತ್ತೀರಿ. ಪಟ್ಟಿಯ ಮೊದಲ ಸಿನಿಮಾ ಕೆಂಪು ಲಕೋಟೆಯಲ್ಲಿ ಮನೆಗೆ ಬರುತ್ತದೆ. ನೋಡಿದ ಮೇಲೆ, ವಾಪಸು ಕಳಿಸುವ ಅಂಚೆವೆಚ್ಚ ಮೊದಲೇ ಕಟ್ಟಿರುವ ಅದೇ ಲಕೋಟೆಯಲ್ಲಿಟ್ಟು ಅಂಚೆಪೆಟ್ಟಿಗೆಗೆ ಹಾಕುತ್ತೀರಿ. ಅದು ಗೋದಾಮು ಮುಟ್ಟಿದ ಕೂಡಲೇ ಪಟ್ಟಿಯ ಎರಡನೆಯದು ಹೊರಡುತ್ತದೆ. ಇಂಥ ದಿನ ಹಿಂತಿರುಗಿಸಬೇಕೆಂಬ ಗಡುವಿಲ್ಲ, ತಡವಾದರೆ ದಂಡವಿಲ್ಲ. ಒಂದು ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ಡಿಸ್ಕ್ ಇರಬಹುದು, ಒಂದೋ ಎರಡೋ ಮೂರೋ, ಎಂಬುದರ ಮೇಲೆ ಚಂದಾ ನಿಗದಿಯಾಗುತ್ತದೆ.

ದಂಡವಿಲ್ಲ ಎಂಬ ಮಾತಿಗೆ ಆಗ ಭಾರಿ ಬೆಲೆಯಿತ್ತು. ಊರೂರಿನಲ್ಲಿ ಅಂಗಡಿ ಇಟ್ಟಿದ್ದ ಬ್ಲಾಕ್‌ಬಸ್ಟರ್ ಎಂಬ ದೈತ್ಯ ಕಂಪನಿ, ಕ್ಯಾಸೆಟ್ಟು ಒಂದು ದಿನ ತಡವಾದರೂ ದಂಡ ಹಾಕುತ್ತಿತ್ತು. ಅಮೆರಿಕದ ಜನ ಆ ದಂಡಕ್ಕೆ ರೋಸಿಹೋಗಿದ್ದರು. ನೆಟ್‌ಫ್ಲಿಕ್ಸ್ ಮೇಲೆ ಅವರಿಗೆ ಹುಟ್ಟಿದ ಅಕ್ಕರೆಗೆ ಇದೇ ಬೇರು. ಇವರು ಸುಲಿಯುವವರಲ್ಲ, ನಮ್ಮ ಕಡೆಯವರು ಎಂಬ ಭಾವನೆ ಬೆಳೆಯಿತು. ಬ್ಲಾಕ್‌ಬಸ್ಟರ್ 2010ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನೆಟ್‌ಫ್ಲಿಕ್ಸ್ ಮುಖ್ಯಸ್ಥ ಹೇಸ್ಟಿಂಗ್ಸ್ ಅವರನ್ನು ಅದೇ ವರ್ಷ ಫಾರ್ಚೂನ್ ಪತ್ರಿಕೆ ವರ್ಷದ ಉದ್ಯಮಿ ಎಂದು ಹೆಸರಿಸಿತು. ಮುಂದೆ ಬರುವ ಸಿಟ್ಟಿನ ತೂಕ ತಿಳಿಯಬೇಕಾದರೆ ಈ ಅಕ್ಕರೆಯನ್ನು ನೆನಪಿನಲ್ಲಿಡಬೇಕು.

2007ರ ಜನವರಿಯಲ್ಲಿ ಕಂಪನಿ ಇನ್ನೊಂದು ಸೌಕರ್ಯ ಸೇರಿಸಿತು. ಅಂಚೆಗಾಗಿ ಕಾಯದೆ, ಕೆಲವು ಸಿನಿಮಾಗಳನ್ನು ಇಂಟರ್‌ನೆಟ್ ಮೂಲಕ ನೇರವಾಗಿ ಕಂಪ್ಯೂಟರಿನಲ್ಲೇ ನೋಡಬಹುದು. ಇದೇ ಸ್ಟ್ರೀಮಿಂಗ್. ಮೊದಲಿಗೆ ಸಿಗುತ್ತಿದ್ದದ್ದು ಸುಮಾರು ಸಾವಿರ ಶೀರ್ಷಿಕೆ ಮಾತ್ರ, ಅದರಲ್ಲೂ ಹಳೆಯವೇ ಹೆಚ್ಚು. ಡಿವಿಡಿ ಚಂದಾದಾರರಿಗೆ ಇದು ಬೇರೆ ದುಡ್ಡಿಲ್ಲದೆ ಸಿಕ್ಕಿತು. ಕೊಟ್ಟವರೂ ಪಡೆದವರೂ ಇದನ್ನು ಕೊಸರು ಎಂದೇ ಎಣಿಸಿದರು.

ಡಿಸ್ಕಿಗೆ ಒಂದು ಕಾನೂನು, ಸ್ಟ್ರೀಮಿಂಗಿಗೆ ಇನ್ನೊಂದು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇಡೀ ಜಗಳದ ಗಂಟು ಇರುವುದು ಇಲ್ಲೇ. ನೋಡುವವರಿಗೆ ಡಿವಿಡಿಯಲ್ಲಿ ನೋಡಿದರೂ ಸ್ಟ್ರೀಮಿಂಗ್‌ನಲ್ಲಿ ನೋಡಿದರೂ ಸಿನಿಮಾ ಒಂದೇ. ತೋರಿಸುವ ಕಂಪನಿಗೆ ಮಾತ್ರ ಅವೆರಡು ಬೇರೆ ಬೇರೆ ವ್ಯಾಪಾರ.

ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 109ನೇ ಸೆಕ್ಷನ್ ಪ್ರಕಾರ, ಕೃತಿಯ ಪ್ರತಿಯೊಂದನ್ನು ನ್ಯಾಯವಾಗಿ ಕೊಂಡವನು ಆ ಪ್ರತಿಯನ್ನು ಮಾರಬಹುದು, ಎರವಲು ಕೊಡಬಹುದು. ಸಿನಿಮಾ ಡಿಸ್ಕ್ ಆದರೆ ಬಾಡಿಗೆಗೂ ಕೊಡಬಹುದು. ನಿರ್ಮಾಪಕನ ಅಪ್ಪಣೆ ಬೇಕಿಲ್ಲ. ಇದರ ಬೇರು 1908ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಒಂದು ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಪ್ರಕಾಶಕರು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದರು. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕರ ಹಿಡಿತ ಮುಗಿಯಿತು ಎಂದು ಕೋರ್ಟು ಅಂಗಡಿಯ ಪರ ನಿಂತಿತು. ಈ ಕಾನೂನಿನ ಬಲದಿಂದ ನೆಟ್‌ಫ್ಲಿಕ್ಸ್ ಮಾರುಕಟ್ಟೆಯಲ್ಲಿ ಸಿಗುವ ಯಾವುದೇ ಡಿವಿಡಿ ಕೊಂಡು ಅಂಚೆಯಲ್ಲಿ ಓಡಾಡಿಸಬಹುದಿತ್ತು. ಸ್ಟುಡಿಯೋ ಮುನಿಸಿಕೊಂಡರೂ ತಡೆಯುವ ದಾರಿ ಇರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬೇರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್, ಸಿನಿಮಾ ಪ್ರತಿಯನ್ನು ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡುವ ಹಕ್ಕನ್ನು ಸಿನಿಮಾದ ಮಾಲೀಕನ ಕೈಯಲ್ಲೇ ಇಟ್ಟಿದೆ. ಹಾಗಾಗಿ ಅಂಗಡಿಯಲ್ಲಿ ಸಿಕ್ಕ ಡಿವಿಡಿ ಕೊಂಡುತಂದು, ಯಾರನ್ನೂ ಕೇಳದೆ ಬಾಡಿಗೆ ವ್ಯಾಪಾರ ಕಟ್ಟುವ ದಾರಿ ಇಲ್ಲಿ ಅಷ್ಟು ಸಲೀಸಲ್ಲ. ಮನೆಗೆ ಡಿವಿಡಿ ತಲುಪಿಸುವ ಚಂದಾ ಸೇವೆಯನ್ನು ನಮ್ಮಲ್ಲಿ ನಡೆಸಿ ನೋಡಿದವರೂ ಇದ್ದರು. ಬೆಂಗಳೂರಿನ ಸೆವೆಂಟಿಎಂಎಂ ಅಂಥದ್ದೊಂದು ಕಂಪನಿ.

ಸ್ಟ್ರೀಮಿಂಗಿಗೆ ಬಂದರೆ, ಮೇಲೆ ಹೇಳಿದ ಸ್ವಾತಂತ್ರ್ಯ ಅಮೆರಿಕದಲ್ಲೂ ಇಲ್ಲ. ಅಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುವೇ ಇಲ್ಲ. ಪ್ರತಿ ಸಿನಿಮಾಕ್ಕೂ ಮಾಲೀಕನಿಂದ ಪರವಾನಗಿ ಬೇಕು. ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ, ಎಷ್ಟು ಜನರಿಗೆ ಎಂಬುದನ್ನೆಲ್ಲ ಕರಾರಿನಲ್ಲಿ ಬರೆಯಬೇಕು. ಅವಧಿ ಮುಗಿದರೆ ಸಿನಿಮಾ ಮಾಯ. ಕರಾರು ನವೀಕರಿಸುವಾಗ ಮಾಲೀಕ ಕೇಳಿದ್ದೇ ಬೆಲೆ.

2008ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಸ್ಟಾರ್ಜ್ ಎಂಬ ಕೇಬಲ್ ವಾಹಿನಿಯೊಂದಿಗೆ ಕರಾರು ಮಾಡಿಕೊಂಡಿತು. ಸ್ಟಾರ್ಜ್ ಬಳಿ ಡಿಸ್ನಿ ಮತ್ತು ಸೋನಿಯ ಸಿನಿಮಾಗಳ ಹಕ್ಕಿತ್ತು. ಅವೆಲ್ಲ ವರ್ಷಕ್ಕೆ ಸುಮಾರು 3 ಕೋಟಿ ಡಾಲರಿಗೆ ನೆಟ್‌ಫ್ಲಿಕ್ಸ್‌ಗೆ ಸಿಕ್ಕವೆಂದು ಆಗಿನ ವರದಿಗಳು ಹೇಳುತ್ತವೆ. ಸ್ಟ್ರೀಮಿಂಗ್ ಮುಂದೆ ಎಷ್ಟು ದೊಡ್ಡದಾಗಬಹುದು ಎಂದು ಮಾರಿದವರಿಗೆ ಅಂದಾಜಿರಲಿಲ್ಲ, ಆದ್ದರಿಂದ ಅಗ್ಗಕ್ಕೆ ಹೋಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಎಲ್ಲರಿಗೂ ಅಂದಾಜು ಸಿಕ್ಕಿತ್ತು. 2011ರ ಜೂನ್‌ನಲ್ಲಿ ಸೋನಿಯ ಸಿನಿಮಾಗಳು ನೆಟ್‌ಫ್ಲಿಕ್ಸ್‌ನ ಸ್ಟ್ರೀಮಿಂಗ್‌ನಿಂದ ಇದ್ದಕ್ಕಿದ್ದಂತೆ ಕಾಣೆಯಾದವು. ಸೋನಿ ಮತ್ತು ಸ್ಟಾರ್ಜ್ ನಡುವಿನ ಕರಾರಿನಲ್ಲಿ, ಇಂಟರ್‌ನೆಟ್‌ನಲ್ಲಿ ಇಂತಿಷ್ಟು ಚಂದಾದಾರರಿಗಷ್ಟೇ ತೋರಿಸಬಹುದೆಂಬ ಮಿತಿಯಿತ್ತು. ನೆಟ್‌ಫ್ಲಿಕ್ಸ್ ಬೆಳೆದ ವೇಗಕ್ಕೆ ಆ ಮಿತಿ ದಾಟಿಹೋಗಿತ್ತು.

ಈಗ ಎರಡು ವ್ಯಾಪಾರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಡಿಸ್ಕಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಆಮೇಲೆ ಪ್ರತಿ ಓಡಾಟಕ್ಕೂ ಅಂಚೆವೆಚ್ಚ, ಗೋದಾಮಿನ ಕೂಲಿ. ಸ್ಟ್ರೀಮಿಂಗ್‌ನಲ್ಲಿ ಸಾಗಣೆಯ ಖರ್ಚು ಅತ್ಯಲ್ಪ, ಪರವಾನಗಿಯ ಖರ್ಚು ಮಾತ್ರ ವರ್ಷದಿಂದ ವರ್ಷಕ್ಕೆ ಏರುವಂಥದ್ದು. ಒಂದೇ ಚಂದಾದಲ್ಲಿ ಎರಡನ್ನೂ ಕೊಡುವಷ್ಟು ಕಾಲ, ಡಿವಿಡಿ ಮಾತ್ರ ನೋಡುವವನೂ ಲೆಕ್ಕಪುಸ್ತಕದಲ್ಲಿ ಸ್ಟ್ರೀಮಿಂಗ್ ಗಿರಾಕಿಯೇ. ಗಿರಾಕಿಗಳ ಸಂಖ್ಯೆ ನೋಡಿ ಬೆಲೆ ಕೇಳುವ ಸ್ಟುಡಿಯೋಗಳ ಎದುರು ಇದು ಕಂಪನಿಗೆ ನಷ್ಟದ ಮಾತು. ಎರಡನ್ನೂ ಬೇರ್ಪಡಿಸುವುದಕ್ಕೆ ಕಂಪನಿಗೆ ನಿಜವಾದ ಕಾರಣವಿತ್ತು.

ಜುಲೈ 12ರ ಪ್ರಕಟಣೆ

2010ರ ನವೆಂಬರ್‌ನಲ್ಲೇ ಒಂದು ಸಣ್ಣ ಏರಿಕೆಯಾಗಿತ್ತು. ಒಂದು ಡಿವಿಡಿ ಮತ್ತು ಸ್ಟ್ರೀಮಿಂಗ್ ಸೇರಿದ ಚಂದಾ 8.99 ಡಾಲರಿನಿಂದ 9.99ಕ್ಕೆ ಏರಿತು. ಸ್ಟ್ರೀಮಿಂಗ್ ಮಾತ್ರ ಸಾಕು ಎನ್ನುವವರಿಗೆ 7.99 ಡಾಲರಿನ ಹೊಸ ಚಂದಾ ಬಂತು. ಜನ ಸಹಿಸಿಕೊಂಡರು.

ದೊಡ್ಡ ಏಟು ಬಂದದ್ದು 2011ರ ಜುಲೈ 12ರಂದು. ಇನ್ನು ಮುಂದೆ ಡಿವಿಡಿ ಬೇರೆ, ಸ್ಟ್ರೀಮಿಂಗ್ ಬೇರೆ. ಒಂದು ಡಿವಿಡಿಯ ಚಂದಾ 7.99 ಡಾಲರ್, ಸ್ಟ್ರೀಮಿಂಗ್ ಚಂದಾ 7.99 ಡಾಲರ್, ಎರಡೂ ಬೇಕಾದರೆ 15.98 ಡಾಲರ್. ಹೊಸಬರಿಗೆ ಅಂದಿನಿಂದಲೇ, ಹಳೆಯ ಚಂದಾದಾರರಿಗೆ ಸೆಪ್ಟೆಂಬರ್ 1ರಿಂದ ಜಾರಿ.

9.99 ಕೊಡುತ್ತಿದ್ದವರು 15.98 ಕೊಡಬೇಕು ಎಂದರೆ ಶೇಕಡಾ 60ರ ಏರಿಕೆ. ಎರಡು ಡಿವಿಡಿ ಮತ್ತು ಸ್ಟ್ರೀಮಿಂಗ್ ಸೇರಿ 14.99 ಕೊಡುತ್ತಿದ್ದವರಿಗೆ ಹೊಸ ಲೆಕ್ಕ 19.98, ಅಂದರೆ ಸುಮಾರು ಶೇಕಡಾ 33. ಎರಡೂ ಸೇರಿದ ಚಂದಾಗಳಲ್ಲಿ ಸಣ್ಣದನ್ನು ಕಟ್ಟುವವರ ಮೇಲೆಯೇ ಶೇಕಡಾವಾರು ಹೆಚ್ಚಿನ ಏರಿಕೆ ಬಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ.

ಇನ್ನೊಂದು ಮಗ್ಗುಲನ್ನೂ ನೋಡುವುದು ನ್ಯಾಯ. ಎರಡರಲ್ಲಿ ಒಂದನ್ನು ಬಿಟ್ಟರೆ ಸಾಕು ಎನ್ನುವವರಿಗೆ ಖರ್ಚು 9.99ರಿಂದ 7.99ಕ್ಕೆ ಇಳಿಯುತ್ತಿತ್ತು. ಕಂಪನಿ ತನ್ನ ಪ್ರಕಟಣೆಯಲ್ಲಿ ಈ ಮಾತನ್ನೇ ಮುಂದಿಟ್ಟು, ಮಿತಿಯಿಲ್ಲದ ಡಿವಿಡಿ ಚಂದಾ ಇಷ್ಟು ಅಗ್ಗವಾದದ್ದು ಇದೇ ಮೊದಲು ಎಂದು ಹೊಗಳಿಕೊಂಡಿತು. ಮಾತು ಸುಳ್ಳಲ್ಲ. ಆದರೆ ಎರಡನ್ನೂ ಬಳಸುತ್ತಿದ್ದ ಗ್ರಾಹಕನಿಗೆ ಅದು ಗಾಯದ ಮೇಲೆ ಉಪ್ಪು ಸವರಿದಂತೆ ಕೇಳಿಸಿತು.

ಸಿಟ್ಟು ಬಂದದ್ದು ಎಲ್ಲಿಂದ

ಏರಿಕೆಯಾದದ್ದು ತಿಂಗಳಿಗೆ 6 ಡಾಲರಿನಷ್ಟು. ಆಗಿನ ವಿನಿಮಯ ದರದಲ್ಲಿ ಸುಮಾರು 270 ರೂಪಾಯಿ. ಅಮೆರಿಕದ ಮಧ್ಯಮ ವರ್ಗಕ್ಕೆ ಇದು ದೊಡ್ಡ ಮೊತ್ತವೇನಲ್ಲ. ಅಲ್ಲಿ ಕೇಬಲ್ ಟಿವಿಗೆ ಜನ ಇದರ ಹಲವು ಪಟ್ಟು ಕೊಡುತ್ತಿದ್ದರು. ಹಾಗಿದ್ದರೂ ಸಾವಿರಾರು ಜನ ಕಂಪನಿಗೆ ಕೆಂಡಕಾರಿ ಬರೆದರು, ಪತ್ರಿಕೆಗಳಲ್ಲಿ ವಾರಗಟ್ಟಲೆ ಇದೇ ಸುದ್ದಿಯಾಯಿತು. ಕಾರಣಗಳನ್ನು ಒಂದೊಂದಾಗಿ ಬಿಡಿಸೋಣ.

ಮೊದಲನೆಯದು, ಕೊಸರಿಗೆ ಬೆಲೆ ಕಟ್ಟಿದ್ದು. ನೀವು ವರ್ಷಗಟ್ಟಲೆ ಉಂಡ ಮೆಸ್ಸಿನಲ್ಲಿ ಊಟದ ಜೊತೆ ಮಜ್ಜಿಗೆ ಕೊಡುತ್ತಿದ್ದರೆ, ಆ ಮಜ್ಜಿಗೆ ನಿಮ್ಮ ಪಾಲಿಗೆ ಊಟದ ಭಾಗ. ಒಂದು ದಿನ ಊಟಕ್ಕೊಂದು ಬಿಲ್ಲು, ಮಜ್ಜಿಗೆಗೆ ಊಟದಷ್ಟೇ ಇನ್ನೊಂದು ಬಿಲ್ಲು ಇಟ್ಟರೆ ನೀವು ಮಜ್ಜಿಗೆಯ ಬೆಲೆ ವಿಚಾರಿಸುವುದಿಲ್ಲ, ಮೆಸ್ಸಿನವನ ನಿಯತ್ತನ್ನೇ ವಿಚಾರಿಸುತ್ತೀರಿ. ನೆಟ್‌ಫ್ಲಿಕ್ಸ್ ಗ್ರಾಹಕರಿಗೆ ಆದದ್ದು ಇದೇ.

ಎರಡನೆಯದು, ಒಂದನ್ನು ಬಿಡಿ ಎಂಬ ಸಲಹೆ ಪಾಲಿಸುವಂತಿರಲಿಲ್ಲ. 2011ರಲ್ಲಿ ಹೊಸ ಸಿನಿಮಾ ಬೇಕಾದರೆ ಡಿವಿಡಿಯೇ ಗತಿ. ಹಳೆಯ ಕ್ಲಾಸಿಕ್, ಪರಭಾಷೆಯ ಅಪರೂಪದ ಸಿನಿಮಾ ಬೇಕಾದರೂ ಡಿವಿಡಿಯೇ. ಸ್ಟ್ರೀಮಿಂಗ್‌ನಲ್ಲಿ ಇದ್ದದ್ದು ಹಳೆಯ ಟಿವಿ ಧಾರಾವಾಹಿಗಳು ಮತ್ತು ಆಯ್ದ ಸಿನಿಮಾಗಳು. ಬಹಳ ಮನೆಗಳಲ್ಲಿ ಸಿನಿಮಾಕ್ಕೆ ಡಿಸ್ಕ್, ಮಕ್ಕಳ ಕಾರ್ಯಕ್ರಮಕ್ಕೆ ಸ್ಟ್ರೀಮಿಂಗ್ ಎಂಬ ಹಂಚಿಕೆ ನಡೆದಿತ್ತು. ಹಳ್ಳಿಗಾಡಿನಲ್ಲಿ ಸ್ಟ್ರೀಮಿಂಗ್ ಆಗುವಷ್ಟು ವೇಗದ ಇಂಟರ್‌ನೆಟ್ಟೇ ಇರಲಿಲ್ಲ. ವೇಗವಿದ್ದ ಕಡೆ ಕೆಲವು ಇಂಟರ್‌ನೆಟ್ ಕಂಪನಿಗಳು ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿ ಹಾಕತೊಡಗಿದ್ದವು.

ಮೂರನೆಯದು, ಕೊಡುವುದು ಹೆಚ್ಚಾಗುತ್ತಿದ್ದರೂ ಸಿಗುವುದು ಹೆಚ್ಚಾಗಿರಲಿಲ್ಲ. ಸೋನಿಯ ಸಿನಿಮಾಗಳು ಹಿಂದಿನ ತಿಂಗಳಷ್ಟೇ ಮಾಯವಾಗಿದ್ದವು. ವಾರ್ನರ್ ಸ್ಟುಡಿಯೋ ಜೊತೆ 2010ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಅದರ ಹೊಸ ಸಿನಿಮಾಗಳ ಡಿವಿಡಿ ಅಂಗಡಿಗೆ ಬಂದು 28 ದಿನ ಕಳೆಯುವವರೆಗೆ ನೆಟ್‌ಫ್ಲಿಕ್ಸ್ ಗ್ರಾಹಕರಿಗೆ ಸಿಗುತ್ತಿರಲಿಲ್ಲ.

ನಾಲ್ಕನೆಯದು, ಕಾಲ. 2008ರ ಆರ್ಥಿಕ ಕುಸಿತದಿಂದ ಅಮೆರಿಕ ಇನ್ನೂ ಚೇತರಿಸಿಕೊಂಡಿರಲಿಲ್ಲ, ನಿರುದ್ಯೋಗ ಶೇಕಡಾ 9ರ ಆಸುಪಾಸಿನಲ್ಲಿತ್ತು. ಕೆಲಸ ಕಳೆದುಕೊಂಡ ಮನೆಗಳು ಮೊದಲು ಕೇಬಲ್ ಕಿತ್ತುಹಾಕಿ, ಅಗ್ಗದ ಮನರಂಜನೆಯೆಂದು ನೆಟ್‌ಫ್ಲಿಕ್ಸ್ ಇಟ್ಟುಕೊಂಡಿದ್ದವು. ಆ ಅಗ್ಗದ ಆಸರೆಯೇ ಶೇಕಡಾ 60 ಏರಿತು. ದಿನಸಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ರೆಡ್‌ಬಾಕ್ಸ್ ಯಂತ್ರಗಳಲ್ಲಿ ರಾತ್ರಿಗೆ ಒಂದು ಡಾಲರಿಗೆ ಡಿವಿಡಿ ಬಾಡಿಗೆಗೆ ಸಿಗುತ್ತಿತ್ತು ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ.

ಅರ್ಥಶಾಸ್ತ್ರದಲ್ಲಿ ಈ ಬಗೆಯ ಸಿಟ್ಟಿನ ಅಭ್ಯಾಸ ನಡೆದಿದೆ. 1986ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ ಒಂದು ಪ್ರಶ್ನೆ ಕೇಳಿದರು. ಅಂಗಡಿಯೊಂದರಲ್ಲಿ ಹಿಮ ಗೋರುವ ಸಲಿಕೆಯ ಬೆಲೆ 15 ಡಾಲರ್. ಭಾರಿ ಹಿಮ ಬಿದ್ದ ಮರುದಿನ ಅಂಗಡಿಯವನು ಅದನ್ನು 20ಕ್ಕೆ ಏರಿಸುತ್ತಾನೆ. ಇದು ನ್ಯಾಯವೇ? ಉತ್ತರಿಸಿದವರಲ್ಲಿ ಶೇಕಡಾ 82 ಮಂದಿ ಅನ್ಯಾಯ ಎಂದರು. ಅದೇ ಅಧ್ಯಯನದಲ್ಲಿ, ಅಂಗಡಿಯವನ ಖರ್ಚೇ ಏರಿ ಅದನ್ನು ದಾಟಿಸಿದರೆ ಜನ ಬಹುಮಟ್ಟಿಗೆ ಒಪ್ಪುತ್ತಾರೆ ಎಂಬುದೂ ಕಂಡಿತು. ಅಂದರೆ ಗ್ರಾಹಕ ತಾನು ಹಿಂದೆ ಕೊಟ್ಟ ಬೆಲೆಯನ್ನು ಒಂದು ಮಾತುಕೊಟ್ಟಂತೆ ಎಣಿಸುತ್ತಾನೆ. ಅದನ್ನು ಮುರಿಯಲು ತಕ್ಕ ಕಾರಣ ಹೇಳಿದರೆ ಕೇಳಿಸಿಕೊಳ್ಳುತ್ತಾನೆ, ಹೇಳದಿದ್ದರೆ ಸುಲಿಗೆ ಎನ್ನುತ್ತಾನೆ. ನೆಟ್‌ಫ್ಲಿಕ್ಸ್ ಬಳಿ ಹೇಳಲು ಪರವಾನಗಿ ವೆಚ್ಚವೆಂಬ ಗಟ್ಟಿ ಕಾರಣವಿತ್ತು. ಅದನ್ನು ಬಿಚ್ಚಿಡುವ ಬದಲು, ನಿಮಗೆ ಹೆಚ್ಚು ಆಯ್ಕೆ ಕೊಡುತ್ತಿದ್ದೇವೆ ಎಂದು ಬಣ್ಣ ಹಚ್ಚಿತು.

ಕ್ಷಮೆಯ ಜೊತೆ ಬಂದ ಕ್ವಿಕ್‌ಸ್ಟರ್

ಹೊಸ ದರ ಜಾರಿಗೆ ಬಂದ ಸೆಪ್ಟೆಂಬರ್ 1ರಂದೇ ಸ್ಟಾರ್ಜ್ ಇನ್ನೊಂದು ಸುದ್ದಿ ಕೊಟ್ಟಿತು: ಕರಾರು ನವೀಕರಿಸುವುದಿಲ್ಲ, 2012ರ ಫೆಬ್ರವರಿ ಕೊನೆಗೆ ತನ್ನ ಸಿನಿಮಾಗಳು ನೆಟ್‌ಫ್ಲಿಕ್ಸ್‌ನಲ್ಲಿ ಇರುವುದಿಲ್ಲ. ಹೆಚ್ಚು ಹಣ ಕಟ್ಟಲು ಶುರುಮಾಡಿದ ದಿನವೇ ಸರಕು ಕಡಿಮೆಯಾಗುವ ಸುದ್ದಿ!

ಎರಡು ವಾರದ ಬಳಿಕ, ಸೆಪ್ಟೆಂಬರ್ 15ರಂದು, ಕಂಪನಿ ತನ್ನ ಅಂದಾಜನ್ನು ತಿದ್ದಿಕೊಂಡಿತು. ತಿಂಗಳ ಕೊನೆಗೆ ಅಮೆರಿಕದಲ್ಲಿ 2.5 ಕೋಟಿ ಚಂದಾದಾರರಿರುತ್ತಾರೆ ಎಂದಿದ್ದದ್ದು 2.4 ಕೋಟಿಗೆ ಇಳಿಯಿತು. ಹೆಚ್ಚಾಗಿ ಇಳಿದದ್ದು ಎಲ್ಲಿ ಎಂದು ನೋಡಿದರೆ, ಡಿವಿಡಿ ಮಾತ್ರ ಇಟ್ಟುಕೊಳ್ಳುವವರು 30 ಲಕ್ಷ ಎಂದುಕೊಂಡಿದ್ದು 22 ಲಕ್ಷವಾಗಿತ್ತು. ಎರಡನ್ನೂ ಇಟ್ಟುಕೊಂಡು 15.98 ಇಲ್ಲವೇ ಅದಕ್ಕೂ ಹೆಚ್ಚು ಕಟ್ಟುವವರು 1.2 ಕೋಟಿ ಎಂಬ ಅಂದಾಜು ಹಾಗೆಯೇ ಉಳಿದಿತ್ತು. ಈ ಸಂಖ್ಯೆಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಸೆಪ್ಟೆಂಬರ್ 18ರಂದು ಹೇಸ್ಟಿಂಗ್ಸ್ ಗ್ರಾಹಕರಿಗೆ ಪತ್ರ ಬರೆದು, ತನ್ನಿಂದ ತಪ್ಪಾಯಿತು, ವಿವರಣೆ ಕೊಡುವ ಋಣ ತನ್ನ ಮೇಲಿದೆ ಎಂದು ಒಪ್ಪಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಸಿಟ್ಟು ತಣಿಯುತ್ತಿತ್ತೇನೋ. ಅದೇ ಪತ್ರದಲ್ಲಿ ಹೊಸ ಘೋಷಣೆಯೂ ಇತ್ತು. ಡಿವಿಡಿ ಸೇವೆಯನ್ನು ಕ್ವಿಕ್‌ಸ್ಟರ್ ಎಂಬ ಬೇರೆ ಹೆಸರಿನಲ್ಲಿ, ಬೇರೆ ತಾಣದಲ್ಲಿ ನಡೆಸುತ್ತೇವೆ. ಗ್ರಾಹಕ ಎರಡು ಖಾತೆ ಇಟ್ಟುಕೊಳ್ಳಬೇಕು, ಎರಡು ಪಟ್ಟಿ ಮಾಡಬೇಕು, ಎರಡು ಬಿಲ್ಲು ಕಟ್ಟಬೇಕು. ಒಂದು ಕಡೆ ಸಿನಿಮಾಕ್ಕೆ ಕೊಟ್ಟ ಅಂಕ ಇನ್ನೊಂದು ಕಡೆ ಕಾಣುವುದಿಲ್ಲ.

ದರ ಏರಿಕೆಗೆ ಕ್ಷಮೆ ಬರುತ್ತದೆಂದು ಕಾದವರಿಗೆ ಸಿಕ್ಕಿದ್ದು ಇಮ್ಮಡಿ ತಾಪತ್ರಯ. ಕ್ವಿಕ್‌ಸ್ಟರ್ ಎಂಬ ಹೆಸರಿನ ಟ್ವಿಟರ್ ಖಾತೆ ಮೊದಲೇ ಬೇರೊಬ್ಬನ ಕೈಯಲ್ಲಿತ್ತು, ಅದನ್ನೂ ಕಂಪನಿ ನೋಡಿಕೊಂಡಿರಲಿಲ್ಲ. ಟಿವಿಯ ಹಾಸ್ಯ ಕಾರ್ಯಕ್ರಮಗಳಿಗೆ ಹಬ್ಬವಾಯಿತು. ಅಕ್ಟೋಬರ್ 10ರಂದು, ಅಂದರೆ ಮೂರು ವಾರ ಕಳೆಯುತ್ತಿದ್ದಂತೆ, ಕ್ವಿಕ್‌ಸ್ಟರ್ ಯೋಜನೆಯನ್ನು ಶುರುವಾಗುವ ಮೊದಲೇ ಕೈಬಿಟ್ಟರು.

ಅಕ್ಟೋಬರ್ 24ರಂದು ಲೆಕ್ಕ ಹೊರಬಿತ್ತು. ಮೂರು ತಿಂಗಳಲ್ಲಿ ಅಮೆರಿಕದ ಚಂದಾದಾರರಲ್ಲಿ ಸುಮಾರು 8 ಲಕ್ಷ ಮಂದಿ ಕಡಿಮೆಯಾಗಿ 2.38 ಕೋಟಿ ಉಳಿದಿದ್ದರು. ಮರುದಿನ ಶೇರು ಶೇಕಡಾ 35 ಕುಸಿಯಿತು. ಜುಲೈ ನಡುವಿನಲ್ಲಿ 300 ಡಾಲರಿನ ಹತ್ತಿರವಿದ್ದ ಶೇರು ಆ ದಿನ 80 ಡಾಲರಿಗಿಂತ ಕೆಳಗಿತ್ತು.

ಗೆದ್ದವರು ಯಾರು

ಈ ಕತೆಯನ್ನು ಗ್ರಾಹಕನ ವಿಜಯವೆಂದು ಹೇಳುವವರಿದ್ದಾರೆ. ಎಚ್ಚರದಿಂದ ನೋಡಿದರೆ ಹಾಗೆ ಕಾಣುವುದಿಲ್ಲ. ಕೈಬಿಟ್ಟದ್ದು ಕ್ವಿಕ್‌ಸ್ಟರ್ ಎಂಬ ಹೆಸರನ್ನು, ಎರಡು ಖಾತೆಗಳ ಕಿರಿಕಿರಿಯನ್ನು. ದರ ಏರಿಕೆಯನ್ನು ಒಂದು ಸೆಂಟ್ ಕೂಡ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಟೋಬರ್ 10ರ ಪ್ರಕಟಣೆಯಲ್ಲೇ ಏರಿಕೆ ಅಗತ್ಯವಾಗಿತ್ತು ಎಂದು ಸಮರ್ಥಿಸಿಕೊಂಡರು. 8 ಲಕ್ಷ ಜನ ಬಿಟ್ಟುಹೋದ ಅದೇ ತ್ರೈಮಾಸಿಕದಲ್ಲಿ ಕಂಪನಿಯ ವರಮಾನ 82.2 ಕೋಟಿ ಡಾಲರ್, ಲಾಭ 6.2 ಕೋಟಿ ಡಾಲರ್. ಹಿಂದಿನ ವರ್ಷದ ಅದೇ ಅವಧಿಯ ಲಾಭ 3.8 ಕೋಟಿ. ಮೇಲೆ ಹೇಳಿದ ಆ 1.2 ಕೋಟಿಯ ಅಂದಾಜನ್ನು ಈಗ ನೆನಪಿಸಿಕೊಳ್ಳಿ. ಸುಮಾರು ಅರ್ಧದಷ್ಟು ಚಂದಾದಾರರು ಗೊಣಗುತ್ತಲೇ ಎರಡಕ್ಕೂ ಹಣ ಕಟ್ಟುತ್ತಾರೆ ಎಂಬ ಎಣಿಕೆಯ ಮೇಲೆ ಏರಿಕೆ ನಿಂತಿತ್ತು.

ಕಂಪನಿ ಸಂಪೂರ್ಣ ಸುರಕ್ಷಿತವಾಗಿತ್ತು ಎಂದೂ ಅಲ್ಲ. 2011ರ ನವೆಂಬರ್‌ನಲ್ಲಿ ಅದು ಶೇರು ಮತ್ತು ಸಾಲಪತ್ರ ಮಾರಿ 40 ಕೋಟಿ ಡಾಲರ್ ಎತ್ತಬೇಕಾಯಿತು. ಮುಂದಿನ ವರ್ಷದ ಮೊದಲ ತ್ರೈಮಾಸಿಕದಲ್ಲಿ, ಹೊರದೇಶಗಳಿಗೆ ಹರಡುವ ಖರ್ಚೂ ಸೇರಿ, ಸಣ್ಣ ನಷ್ಟ ಕಂಡಿತು. ಚೇತರಿಕೆ ಬಂದದ್ದು ಬೇರೆ ದಾರಿಯಿಂದ. ಪರರ ಸಿನಿಮಾಕ್ಕೆ ಪರವಾನಗಿ ಬೇಡುವ ಬದಲು ತಾನೇ ನಿರ್ಮಿಸತೊಡಗಿತು. 2013ರ ಫೆಬ್ರವರಿಯಲ್ಲಿ ಬಂದ ಹೌಸ್ ಆಫ್ ಕಾರ್ಡ್ಸ್ ಆ ದಾರಿಯ ಮೊದಲ ದೊಡ್ಡ ಹೆಜ್ಜೆ. ಕೆಂಪು ಲಕೋಟೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ, 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕ್ ಹೊರಟಿತು. ಅಷ್ಟರಲ್ಲಿ 500 ಕೋಟಿಗೂ ಹೆಚ್ಚು ಡಿಸ್ಕ್‌ಗಳು ಮನೆಮನೆಗೆ ಹೋಗಿಬಂದಿದ್ದವು.

ಕಂಪನಿಗಳು ಕಲಿತ ಪಾಠ

2011ರ ಬಳಿಕ ದರ ಏರಿಸುವುದನ್ನು ಯಾರೂ ನಿಲ್ಲಿಸಲಿಲ್ಲ. ಏರಿಸುವ ಬಗೆಯನ್ನು ಬದಲಿಸಿದರು, ಅಷ್ಟೇ. 2014ರಲ್ಲಿ ಅಮೆರಿಕದಲ್ಲಿ 7.99 ಇದ್ದ ಸ್ಟ್ರೀಮಿಂಗ್ ಚಂದಾ 8.99 ಆದಾಗ, ನೆಟ್‌ಫ್ಲಿಕ್ಸ್ ಅದನ್ನು ಹೊಸಬರಿಗೆ ಮಾತ್ರ ಹಾಕಿ, ಹಳಬರಿಗೆ ಎರಡು ವರ್ಷ ಹಳೆಯ ದರವನ್ನೇ ಉಳಿಸಿತು. ಆ ಎರಡು ವರ್ಷ ಮುಗಿದ 2016ರಲ್ಲಿ ಒಂದು ತ್ರೈಮಾಸಿಕದಲ್ಲಿ 25 ಲಕ್ಷ ಹೊಸ ಚಂದಾದಾರರು ಸೇರುವರೆಂಬ ನಿರೀಕ್ಷೆಗೆ ಸೇರಿದವರು 17 ಲಕ್ಷ. ಮುಂದೂಡಿದ ಸಿಟ್ಟೂ ಸಿಟ್ಟೇ.

2022ರ ಜನವರಿಯಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಚಂದಾ 13.99ರಿಂದ 15.49ಕ್ಕೆ ಏರಿತು. ಆ ತ್ರೈಮಾಸಿಕದಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ 6 ಲಕ್ಷ ಮಂದಿ ಬಿಟ್ಟರು. ಬಹುಪಾಲು ದರ ಏರಿಕೆಯ ಪರಿಣಾಮವೇ ಎಂದು ಕಂಪನಿಯೂ ಒಪ್ಪಿತು, ಆದರೆ ಇದು ತನ್ನ ನಿರೀಕ್ಷೆಯಂತೆಯೇ ಇದೆ ಎಂದೂ ಸೇರಿಸಿತು. ಎಷ್ಟು ಜನ ಸಿಟ್ಟಾಗಿ ಹೋಗುತ್ತಾರೆ ಎಂಬುದು ಈಗ ಮೊದಲೇ ಹಾಕಿಟ್ಟ ಲೆಕ್ಕದ ಒಂದು ಸಾಲು. ಅದೇ ವರ್ಷ ನವೆಂಬರ್‌ನಲ್ಲಿ ಜಾಹೀರಾತು ನೋಡಲು ಒಪ್ಪುವವರಿಗೆ 6.99 ಡಾಲರಿನ ಅಗ್ಗದ ಚಂದಾ ಬಂತು. ಬಿಟ್ಟುಹೋಗುವವನಿಗೆ ಹೊಸ್ತಿಲಲ್ಲೇ ಒಂದು ಮಣೆ ಹಾಕಿಟ್ಟರು.

ನಮ್ಮ ದೇಶದಲ್ಲಿ ಇದೇ ಕಂಪನಿ ತಿರುಗುಮುರುಗಾಗಿ ನಡೆದುಕೊಂಡದ್ದು ಇನ್ನೂ ಒಳ್ಳೆಯ ಪಾಠ. 2016ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಕನಿಷ್ಠ ಚಂದಾ 500 ರೂಪಾಯಿ. 2021ರ ಡಿಸೆಂಬರ್‌ನಲ್ಲಿ, 499ರ ಬೇಸಿಕ್ ಚಂದಾವನ್ನು ಒಮ್ಮೆಗೇ 199ಕ್ಕೆ, 199ರ ಮೊಬೈಲ್ ಚಂದಾವನ್ನು 149ಕ್ಕೆ ಇಳಿಸಿತು. ಸಿನಿಮಾ ಮಾಡುವ ಖರ್ಚು ಆ ತಿಂಗಳು ಇಳಿದಿರಲಿಲ್ಲ. ಇಲ್ಲಿನ ಗಿರಾಕಿಯ ಮುಂದೆ ಅಗ್ಗದ ಬೇರೆ ಸೇವೆಗಳು ಸಾಲುಗಟ್ಟಿದ್ದವು, ಆದ್ದರಿಂದ ಇಳಿಯಿತು. ಚಂದಾ ದರ ನಿಲ್ಲುವುದು ಕಂಪನಿಯ ಖರ್ಚಿನ ಮೇಲಷ್ಟೇ ಅಲ್ಲ. ನೀವು ಎಷ್ಟರವರೆಗೆ ಬಿಡದೆ ಕಟ್ಟುತ್ತೀರಿ ಎಂಬ ಅಂದಾಜಿನ ಮೇಲೂ ನಿಲ್ಲುತ್ತದೆ.

ನಿಮಗೆ ಸಂದೇಶ ಬಂದಾಗ

ಇನ್ನು ಮುಂದೆ ದರ ಬದಲಾವಣೆಯ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಏರಿದ ದರಕ್ಕೆ ಹೊಸದಾಗಿ ಏನಾದರೂ ಸಿಗುತ್ತಿದೆಯೇ, ಅಥವಾ ಇದ್ದದ್ದನ್ನೇ ತುಂಡುಮಾಡಿ ಮಾರುತ್ತಿದ್ದಾರೆಯೇ? ಕಳೆದ ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಇದರಲ್ಲಿ ಏನೇನು ನೋಡಿದೆವು? ಇದನ್ನು ಬಿಟ್ಟರೆ ಅದೇ ಸಿನಿಮಾ ನಮಗೆ ಬೇರೆ ಎಲ್ಲಿ, ಎಷ್ಟಕ್ಕೆ ಸಿಗುತ್ತದೆ?

ಮೂರಕ್ಕೂ ಉತ್ತರ ಬರೆದುಕೊಂಡ ಮೇಲೆ ಬೇಕಾದರೆ ಮುಂದುವರಿಸಿ, ಬೇಡವಾದರೆ ಆ ದಿನವೇ ರದ್ದು ಮಾಡಿ. ಮತ್ತೆ ಬೇಕೆನಿಸಿದ ತಿಂಗಳು ಸೇರಿಕೊಳ್ಳಲು ಯಾರೂ ತಡೆಯುವುದಿಲ್ಲ, ದಂಡವೂ ಇಲ್ಲ. ಬೈದು ಬರೆದ ಮಾತನ್ನು ಕಂಪನಿ ಓದಿದರೂ ಓದದಿದ್ದರೂ, ರದ್ದಾದ ಚಂದಾವನ್ನು ಮಾತ್ರ ತಪ್ಪದೆ ಎಣಿಸುತ್ತದೆ.